ಗಂಟೆಗೆ ಹದಿನಾಲ್ಕು ಕಿಲೋಮೀಟರ್

1947ರ ಆಗಸ್ಟ್ 3. ಮಾಸ್ಕೋದ ತುಶಿನೊ ವಿಮಾನ ನಿಲ್ದಾಣದಲ್ಲಿ ವಾಯುದಿನದ ಪ್ರದರ್ಶನ. ನಾಲ್ಕು ಎಂಜಿನ್‌ಗಳ ಮೂರು ಭಾರೀ ಬಾಂಬರ್‌ಗಳು ನೆರೆದವರ ತಲೆಯ ಮೇಲೆ ಹಾದುಹೋದವು. ನೋಡಲು ಥೇಟ್ ಅಮೆರಿಕದ ಬಿ-29. ಮೂರೇ ಆಗಿದ್ದರೆ ಅದಕ್ಕೊಂದು ವಿವರಣೆ ಇತ್ತು. 1944ರಲ್ಲಿ ಜಪಾನೀಯರ ವಿರುದ್ಧ ದಾಳಿಗೆ ಹೋಗಿದ್ದ ಮೂರು ಬಿ-29ಗಳು ವ್ಲಾದಿವೊಸ್ತೋಕ್ ಕಡೆ ಇಳಿದಿದ್ದವು, ಸೋವಿಯತ್ ಸರ್ಕಾರ ಅವನ್ನು ಹಿಂದಿರುಗಿಸಿರಲೇ ಇಲ್ಲ. ಆದರೆ ಬೆನ್ನಿಗೇ ನಾಲ್ಕನೆಯದೊಂದು ಬಂತು. ಮೈ ಪ್ರಯಾಣಿಕ ವಿಮಾನದ್ದು, ರೆಕ್ಕೆ ಬಿ-29ರದ್ದು. ಅಂದರೆ ರಷ್ಯನ್ನರು ಅದನ್ನು ಬಿಚ್ಚಿ, ಅಳೆದು, ಹೊಸದಾಗಿ ತಯಾರಿಸಲು ಕಲಿತಿದ್ದರು. ನಕಲಿನ ಹೆಸರು ಟಿಯು-4. ಎರಡು ವರ್ಷ ಕಳೆದು, 1949ರ ಆಗಸ್ಟ್ 29ರಂದು, ಅವರ ಮೊದಲ ಅಣುಬಾಂಬೂ ಸಿಡಿಯಿತು.

ಹೋಗಿ ಹಿಂದಿರುಗುವಷ್ಟು ಇಂಧನ ಟಿಯು-4ಕ್ಕೆ ಹಿಡಿಯುತ್ತಿರಲಿಲ್ಲ. ಆದರೆ ವಾಪಸು ಬರುವ ಆಸೆ ಬಿಟ್ಟವನಿಗೆ ಉತ್ತರ ಧ್ರುವದ ಮೇಲಿಂದ ಅಮೆರಿಕ ಮುಟ್ಟುವುದು ಸಾಧ್ಯವಿತ್ತು. ಬರುವುದಾದರೆ ರಾತ್ರಿಯೇ ಬಂದಾನು. ಹಾಗಾಗಿ 1946ರ ಮಾರ್ಚ್‌ನಲ್ಲಿ ಹುಟ್ಟಿದ್ದ ಅಮೆರಿಕದ ಏರ್ ಡಿಫೆನ್ಸ್ ಕಮಾಂಡ್‌ಗೆ ಬೇಕಾಗಿದ್ದದ್ದು ಕತ್ತಲಲ್ಲಿ ಬೇಟೆಯಾಡುವ ವಿಮಾನಗಳು. ಆರಂಭದಲ್ಲಿ ಅದರ ಕೈಲಿದ್ದವು ಬೆರಳೆಣಿಕೆಯ ನೈಟ್ ಫೈಟರ್ ಸ್ಕ್ವಾಡ್ರನ್‌ಗಳು. ಅವು ಹಾರಿಸುತ್ತಿದ್ದದ್ದು ಯುದ್ಧಕಾಲದ ಪಿ-61, ಅಡ್ಡಹೆಸರು ಬ್ಲ್ಯಾಕ್ ವಿಡೋ, ಕಪ್ಪು ಜೇಡ.

ಒಂದು ಸಣ್ಣ ಲೆಕ್ಕ ಮಾಡೋಣ. ಪಿ-61ರ ಗರಿಷ್ಠ ವೇಗ ಗಂಟೆಗೆ ಸುಮಾರು 589 ಕಿ.ಮೀ. ಬಿ-29ರದ್ದು ಸುಮಾರು 575. ವ್ಯತ್ಯಾಸ 14. ಬಾಂಬರ್ 5 ಕಿ.ಮೀ. ಮುಂದಿದೆ ಅಂದುಕೊಳ್ಳಿ. ಆ ಅಂತರ ಅಳಿಸಲು ಬೇಕಾದ ಸಮಯ 21 ನಿಮಿಷ. ಅಷ್ಟರಲ್ಲಿ ಬಾಂಬರ್ ಕ್ರಮಿಸುವ ದಾರಿ 200 ಕಿಲೋಮೀಟರಿಗೂ ಹೆಚ್ಚು, ಅಂದರೆ ಕಾಯಬೇಕಾದ ಊರು ಅಷ್ಟರಲ್ಲಿ ಹಿಂದೆ ಉಳಿದಿರುತ್ತದೆ. ಇದೂ ಕಾಗದದ ಮೇಲಿನ ಲೆಕ್ಕ. ಎರಡೂ ಗರಿಷ್ಠ ವೇಗ ಒಂದೇ ಎತ್ತರದವಲ್ಲ, ತೆಳುಗಾಳಿಯಲ್ಲಿ ಬಾಂಬರಿನದೇ ಮೇಲುಗೈ. ತಮ್ಮದೇ ಬಾಂಬರ್ ಇಷ್ಟು ಚೆನ್ನಾಗಿದೆ ಎಂದು ಅಮೆರಿಕನ್ನರು ಹೆಮ್ಮೆಪಟ್ಟಿದ್ದರು. ಈಗ ಅದೇ ಅವರ ತಲೆನೋವು.

ಓಟದಲ್ಲಿ ಸೋತರೂ ನೋಟದಲ್ಲಿ ಪಿ-61 ಸೋತಿರಲಿಲ್ಲ. ಅದರ ಮೂತಿಯೊಳಗೆ ಎಸ್‌ಸಿಆರ್-720 ಎಂಬ ರೇಡಾರ್ ಇತ್ತು. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. 6 ಕಿ.ಮೀ. ದೂರದ ವಿಮಾನಕ್ಕೆ ಬಡಿದು ಮರಳಲು ಅದಕ್ಕೆ 40 ಮೈಕ್ರೋಸೆಕೆಂಡ್ ಸಾಕು. ಸಮಯ ಅಳೆದರೆ ದೂರ ತಿಳಿಯಿತು. ದಿಕ್ಕು ತಿಳಿಯಬೇಕಾದರೆ ಮಾತ್ರ ಅಲೆಯನ್ನು ಟಾರ್ಚಿನ ಬೆಳಕಿನಂತೆ ಕಿರಿದು ಮಾಡಬೇಕು, ಅದಕ್ಕೆ ಆಂಟೆನಾ ಅಲೆಯ ಉದ್ದಕ್ಕಿಂತ ಹಲವು ಪಟ್ಟು ಅಗಲವಿರಬೇಕು. ಯುದ್ಧದ ಮೊದಲ ವರ್ಷಗಳ ಬ್ರಿಟಿಷ್ ವಿಮಾನ ರೇಡಾರ್‌ನ ಅಲೆ ಒಂದೂವರೆ ಮೀಟರ್ ಉದ್ದದ್ದು. ಅದು ಎಲ್ಲ ಕಡೆ ಚೆಲ್ಲಿಕೊಂಡು, ಕೆಳಗಿನ ನೆಲದಿಂದಲೂ ಪ್ರತಿಧ್ವನಿ ಹೊತ್ತು ತರುತ್ತಿತ್ತು. ವಿಮಾನ 3 ಕಿ.ಮೀ. ಎತ್ತರದಲ್ಲಿದ್ದರೆ 3 ಕಿ.ಮೀ.ಗಿಂತ ಆಚೆಯದ್ದೆಲ್ಲ ಆ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರ್‍ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ರೂಪಿಸಿದ, ರೇಡಿಯೊ ಅಲೆ ಹೊಮ್ಮಿಸುವ ಮ್ಯಾಗ್ನೆಟ್ರಾನ್ ಎಂಬ ಸಾಧನ ಅಲೆಯನ್ನು 10 ಸೆಂಟಿಮೀಟರಿಗೆ ಇಳಿಸಿತು. ಮುಕ್ಕಾಲು ಮೀಟರಿನ ಬೋಗುಣಿ ಆಂಟೆನಾ ಈಗ ಸಾಕಾಯಿತು. ಹಳೆಯ ಅಲೆಗೆ ಅಷ್ಟೇ ಕಿರಿದಾದ ಕಿರಣ ಬೇಕೆಂದಿದ್ದರೆ 11 ಮೀಟರಿನ ಬೋಗುಣಿ ಹೊತ್ತುಕೊಂಡು ಹಾರಬೇಕಿತ್ತು!

ಈಗ ಬೇಟೆ ಹೇಗೆ ನಡೆಯುತ್ತಿತ್ತೆಂದು ನೋಡಿ. ನೆಲದ ರೇಡಾರ್ ಕೋಣೆಯವನು ರೇಡಿಯೊದಲ್ಲಿ ದಿಕ್ಕು, ಎತ್ತರ ಹೇಳಿ ವಿಮಾನವನ್ನು ಬೇಟೆಯ ಬೆನ್ನ ಹಿಂದೆ ತಂದು ನಿಲ್ಲಿಸುತ್ತಾನೆ. ಅಲ್ಲಿಂದ ಕೆಲಸ ವಿಮಾನದೊಳಗಿನ ರೇಡಾರ್ ಆಪರೇಟರ್‌ನದು. ಅವನಿಗೆ ಆಕಾಶ ಕಾಣದು, ಪರದೆಯ ಮೇಲೆ ಚುಕ್ಕೆಯೊಂದು ಕಾಣುತ್ತದೆ. ‘ಎಡಕ್ಕೆ ಹತ್ತು... ಸ್ವಲ್ಪ ಮೇಲೆ... ನಿಧಾನ, ನಿಧಾನ’ ಎನ್ನುತ್ತಾನೆ. ಪೈಲಟ್ ಆ ದನಿ ನಂಬಿ ಕತ್ತಲೊಳಗೆ ನುಗ್ಗುತ್ತಾನೆ. ಕೆಲವು ನೂರು ಮೀಟರ್ ಹತ್ತಿರ ಬಂದಾಗ ಎಂಜಿನ್ನಿನ ಹೊಗೆಕೊಳವೆಯ ಕೆಂಡದಂಥ ಹೊಳಪು. ಶತ್ರುವೋ, ದಾರಿ ತಪ್ಪಿದ ನಮ್ಮದೇ ವಿಮಾನವೋ, ಕಣ್ಣಾರೆ ಕಂಡೇ ನಿರ್ಧರಿಸಬೇಕು. ನೆಲದವನಿಂದ ಆಪರೇಟರಿಗೆ, ಅವನಿಂದ ಪೈಲಟ್‌ಗೆ: ನೋಟ ಹೀಗೆ ಎರಡು ಸಲ ಕೈ ಬದಲಾಯಿಸುವಾಗ ಬೇಟೆ ಜಾರಿಹೋಗುವುದೇ ಹೆಚ್ಚು.

ನೆಲದ ರೇಡಾರ್‌ಗಾದರೂ ಕಾಣಬೇಕಲ್ಲ? ಭೂಮಿ ಗುಂಡಗಿದೆ. 9 ಕಿ.ಮೀ. ಎತ್ತರದಲ್ಲಿ ಬರುವ ಬಾಂಬರ್ ಹೆಚ್ಚುಕಡಿಮೆ 390 ಕಿ.ಮೀ. ದೂರದಲ್ಲೇ ದಿಗಂತದ ಮೇಲೆ ತಲೆಯೆತ್ತುತ್ತದೆ. ಅದೇ 100 ಮೀಟರ್ ಎತ್ತರದಲ್ಲಿ ನುಸುಳಿದರೆ 41 ಕಿ.ಮೀ. ಹತ್ತಿರ ಬರುವ ತನಕ ಕಾಣದು. ಉಳಿಯುವುದು ನಾಲ್ಕು ನಿಮಿಷ ಚಿಲ್ಲರೆ. ಈ ಕುರುಡು ಪದರಕ್ಕಾಗಿಯೇ 1952ರಿಂದ ಸ್ವಯಂಸೇವಕರು ದುರ್ಬೀನು ಹಿಡಿದು ಹಗಲೂ ರಾತ್ರಿ ಮಾಳಿಗೆಗಳ ಮೇಲೆ ಪಹರೆ ಕೂತರು.

ಪಿ-61ರ ಜಾಗಕ್ಕೆ ಬಂದ ಎಫ್-82 ವಿಚಿತ್ರ ಪ್ರಾಣಿ. ಎರಡು ಮಸ್ಟ್ಯಾಂಗ್ ವಿಮಾನಗಳನ್ನು ನೊಗಕ್ಕೆ ಹೂಡಿದಂತಿತ್ತು. ಎಡ ಮೈಯಲ್ಲಿ ಪೈಲಟ್, ಬಲ ಮೈಯಲ್ಲಿ ರೇಡಾರ್ ಆಪರೇಟರ್, ನಡುರೆಕ್ಕೆಯಡಿ ಉದ್ದನೆಯ ರೇಡಾರ್ ಡಬ್ಬಿ. 1950ರ ಜೂನ್ 27ರಂದು ಕೊರಿಯಾದಲ್ಲಿ ಅಮೆರಿಕದ ಮೊದಲ ಬೇಟೆ ಇದರದೇ, ಅದೂ ಹಾಡಹಗಲಲ್ಲಿ.

ಬ್ರಿಟನ್ನಿನ ಪಾಡೂ ಇದೇ. ಅಲ್ಲಿನ ಮೊಸ್ಕಿಟೊ ವಿಮಾನಗಳ ಮೂತಿಯಲ್ಲಿದ್ದದ್ದು ಎಸ್‌ಸಿಆರ್-720ರೇ, ಬ್ರಿಟಿಷ್ ಹೆಸರಲ್ಲಿ. ಈಜಿಪ್ಟ್ ಕೇಳಿದ್ದ ವ್ಯಾಂಪೈರ್ ನೈಟ್ ಫೈಟರ್ ಜೆಟ್‌ಗಳ ಮಾರಾಟ ನಿಂತಾಗ, ತಮಗೇ ಬೇಕಾಗಿದೆ ಎಂದು ಬ್ರಿಟಿಷ್ ವಾಯುಪಡೆ 1951ರಲ್ಲಿ ಅವನ್ನೇ ಹಾರಿಸಿತು, ಅದೇ ರೇಡಾರ್ ಸಮೇತ. ಅವು ನಿವೃತ್ತವಾದ ಮೇಲೆ ಕೆಲವನ್ನು ಹೊಸದಾಗಿ ಸಜ್ಜುಗೊಳಿಸಿ ಭಾರತಕ್ಕೆ ಮಾರಿದರು. ನಮ್ಮ ವಾಯುಪಡೆಯ 10ನೇ ಸ್ಕ್ವಾಡ್ರನ್ ಅವನ್ನು ಹಾರಿಸಿತು. ವ್ಯಾಂಪೈರ್‌ನ ಹಗಲಿನ ಮಾದರಿಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿದ್ದವು.

ಜೆಟ್ ಬಂದ ಮೇಲೆ ಆ 14 ಕಿಲೋಮೀಟರಿನ ಗೋಳು ತಪ್ಪಿತೇನೋ ಹೌದು. ಆದರೆ ಶತ್ರುವೂ ಜೆಟ್ ಏರುವವನೇ. ಬೆನ್ನು ಹತ್ತುವ ಬದಲು ಅಡ್ಡಹಾಯ್ದು ಹೊಡೆದರೆ ಹೇಗೆ ಎಂದು ಎಂಜಿನಿಯರ್‌ಗಳು ಯೋಚಿಸಿದರು. ಅಡ್ಡದಿಂದ ಬಂದರೆ ಗುರಿ ಸಿಗುವುದು ಕ್ಷಣಾರ್ಧ. ಅದಕ್ಕೆ ಫಿರಂಗಿ ಬೇಡ, ರೇಡಾರ್‌ಗೆ ಜೋಡಿಸಿದ ಲೆಕ್ಕದ ಯಂತ್ರ ಕ್ಷಣ ನೋಡಿ ರಾಕೆಟ್‌ಗಳ ಕಂತೆಯನ್ನೇ ಎರಚಲಿ. ಹಾಗೆ ಬಂದ ಎಫ್-89ಡಿಯ ರೆಕ್ಕೆತುದಿಗಳಲ್ಲಿ 104 ರಾಕೆಟ್‌ಗಳಿದ್ದವು, ಒಂದಕ್ಕೂ ದಾರಿ ತೋರಿಸುವವರಿಲ್ಲ.

1956ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದಲ್ಲಿ ನೌಕಾಪಡೆಯ ಪೈಲಟ್‌ರಹಿತ ಹೆಲ್‌ಕ್ಯಾಟ್ ಒಂದು ಹಿಡಿತ ತಪ್ಪಿ ಲಾಸ್ ಏಂಜಲೀಸ್ ಕಡೆ ಹೊರಟಿತು. ಯುದ್ಧಕಾಲದ ಪ್ರೊಪೆಲ್ಲರ್ ವಿಮಾನ, ಹಾಡಹಗಲು, ತಿರುಗಿ ಹೊಡೆಯುವವರಿಲ್ಲ. ಆಕ್ಸ್‌ನಾರ್ಡ್‌ನಿಂದ ಎರಡು ಎಫ್-89ಡಿಗಳು ಹಾರಿದವು. ಲೆಕ್ಕದ ಯಂತ್ರ ಕೈಕೊಟ್ಟಿತು. ಅದನ್ನು ನಂಬಿ ಕಣ್ಣಳತೆಯ ಸಾಧನವನ್ನು ಮೊದಲೇ ಕಿತ್ತುಹಾಕಿದ್ದರು. ಮೊದಲ ಸುತ್ತಿನಲ್ಲಿ ತಲಾ 42, ಆಮೇಲೆ 32, ಕೊನೆಗೆ 30, ಒಟ್ಟು 208 ರಾಕೆಟ್. ಒಂದೂ ಅದನ್ನು ಕೆಡವಲಿಲ್ಲ. ಕೆಳಗೆ ಕುರುಚಲು ಕಾಡಿಗೆ ಬೆಂಕಿ ಬಿತ್ತು. ಹೆಲ್‌ಕ್ಯಾಟ್ ತನ್ನ ಪಾಡಿಗೆ ಸುತ್ತುತ್ತ ಹೋಗಿ, ಇಂಧನ ಮುಗಿದ ಮೇಲೆ ಪಾಮ್‌ಡೇಲ್ ಆಚೆಯ ಮರುಭೂಮಿಯಲ್ಲಿ ವಿದ್ಯುತ್ ತಂತಿಗಳನ್ನು ಹರಿದುಕೊಂಡು ತಾನಾಗಿಯೇ ಬಿತ್ತು.