ಕೆರೆಯುವ ಮೊದಲು ಒಂದು ಚೂರು ಲ್ಯಾಬಿಗೆ ಹೋಗಲಿ

ಹಳೇ ಮನೆ ನವೀಕರಣ ಮಾಡಿಸುವವರು ನನ್ನನ್ನು ಕರೆಯುವ ಹೊತ್ತಿಗೆ, ಹತ್ತರಲ್ಲಿ ಏಳೆಂಟು ಸಲ, ಯಾವುದೋ ಒಂದು ಮೂಲೆಯಲ್ಲಿ ಸೀಲಿಂಗಿನ ಹಳೇ ಲೇಪ ಕೆರೆದಾಗಿರುತ್ತದೆ. 'ಸುಮ್ನೆ ನೋಡೋಣ ಅಂತ ಸ್ವಲ್ಪ ಕೆರೆದ್ವಿ ಸರ್, ಚೆನ್ನಾಗಿ ಉದುರುತ್ತೆ' ಅನ್ನುತ್ತಾರೆ, ಖುಷಿಯಿಂದ. ಆ ಉದುರುವುದೇ ನನಗೆ ತಲೆನೋವು.

ಕಾಳುಕಾಳಾಗಿರುವ ಪಾಪ್‌ಕಾರ್ನ್ ಸೀಲಿಂಗ್ ಇರಲಿ, ಸುರುಳಿ ಸುರುಳಿಯಾಗಿ ಎಳೆದ ಟೆಕ್ಸ್ಚರ್ ಇರಲಿ, ಅದು ಹೇಗಿರುತ್ತದೆ ಅಂತ ವಿವರಿಸಲು ಹೋಗುವುದಿಲ್ಲ. ಇರುವವರಿಗೆ ತಲೆ ಎತ್ತಿದರೆ ಕಾಣುತ್ತದೆ. ಹಳೇ ಫ್ಯಾಷನ್, ಧೂಳು ಹಿಡಿಯುತ್ತದೆ, ಜೇಡರ ಬಲೆ ತೆಗೆಯೋಕೂ ಆಗಲ್ಲ, ಎಲ್ಲ ಒಪ್ಪಿದೆ. ತೆಗೆಸಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಕೈ ಹಚ್ಚುವ ಮೊದಲು ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸಿ. ಆಸ್ಬೆಸ್ಟಾಸ್ ಅಂದರೆ ಎಲ್ಲರಿಗೂ ಶೀಟ್ ನೆನಪಾಗುತ್ತದೆ. ಸೀಲಿಂಗಿನ ಲೇಪದಲ್ಲೂ ಅದನ್ನು ಕಲಸುತ್ತಿದ್ದರು. ಬಿರುಕು ಬಿಡುವುದಿಲ್ಲ, ಬೆಂಕಿಗೆ ಜಗ್ಗುವುದಿಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಂತ.

'ನಮ್ಮದು ಅಷ್ಟು ಹಳೇದಲ್ಲ' ಅನ್ನುವುದು ಮುಂದಿನ ಮಾತು. ಅಮೆರಿಕದಲ್ಲಿ ಬೆಂಕಿ ತಡೆಗೆ ಅಂತ ಸಿಂಪಡಿಸುವ ಕಲ್ನಾರಿನ ಲೇಪಕ್ಕೆ 1973ರಲ್ಲಿ ನಿಷೇಧ ಬಂತು. ಅಲಂಕಾರಕ್ಕೆ ಸಿಂಪಡಿಸುವುದಕ್ಕೂ ಅದು ವಿಸ್ತರಿಸಿದ್ದು 1978ರಲ್ಲಿ. ಬ್ರಿಟನ್‌ನಲ್ಲಿ ಪೂರ್ತಿ ನಿಷೇಧ ಆಗಿದ್ದು 1999ರಲ್ಲಿ. ಹಾಗಾಗಿ ಅಲ್ಲಿ 2000ಕ್ಕೆ ಮೊದಲಿನ ಯಾವ ಕಟ್ಟಡದಲ್ಲಾದರೂ ಕಲ್ನಾರು ಇರಬಹುದು ಅಂತಲೇ ಹಿಡಿಯುತ್ತಾರೆ. ಆಸ್ಟ್ರೇಲಿಯಾದಲ್ಲಿ 2003ರ ಕೊನೆಯವರೆಗೂ ಪೂರ್ತಿ ನಿಂತಿರಲಿಲ್ಲ. ನಿಷೇಧ ಬಂತು ಅಂತ ಗೋದಾಮಿನಲ್ಲಿದ್ದ ಮೂಟೆಗಳು ಅವತ್ತೇ ಮಾಯವಾಗುವುದಿಲ್ಲ ಅಲ್ವಾ? ಇಸವಿ ನೋಡಿದರೆ ಅನುಮಾನ ಎಷ್ಟಿರಬೇಕು ಅಂತ ಗೊತ್ತಾಗುತ್ತದೆ, ಅಷ್ಟೇ. ಇದೆ, ಇಲ್ಲ ಅಂತ ಅದು ಹೇಳುವುದಿಲ್ಲ.

ಕಣ್ಣಿಗೂ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಫೋಟೋ ಕಳಿಸಿ 'ಇದರಲ್ಲಿ ಇದೆಯಾ ಸರ್' ಅಂತ ಕೇಳುವವರಿಗೆ ಕೈ ಮುಗಿಯುತ್ತೇನೆ. ತೊಂದರೆ ಕೊಡುವ ಎಳೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಅದನ್ನು ನೋಡಲು ಲ್ಯಾಬಿನವರಿಗೇ ವಿಶೇಷ ಸೂಕ್ಷ್ಮದರ್ಶಕ ಬೇಕು.

ಈಗ ಜನ ಪದೇ ಪದೇ ತಪ್ಪು ತಿಳಿಯುವ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಕಲ್ನಾರು ಇರುವ ಸೀಲಿಂಗ್ ಗಟ್ಟಿಯಾಗಿದ್ದರೆ, ಒಡೆದಿಲ್ಲದಿದ್ದರೆ, ನೀರು ಸೋರಿ ಉಬ್ಬಿಲ್ಲದಿದ್ದರೆ, ಅದರ ಕೆಳಗೆ ಮಲಗಿ ಎದ್ದ ಮಾತ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎಳೆಗಳು ಲೇಪದೊಳಗೆ ಅಂಟಿಕೊಂಡಿರುತ್ತವೆ. ನೀವು ಕೆರೆದಾಗ, ಉಜ್ಜಿದಾಗ, ತೂತು ಕೊರೆದಾಗ ಅವು ಬಿಡಿಸಿಕೊಂಡು ಗಾಳಿಗೆ ಸೇರುತ್ತವೆ. ಸೇರಿದ ಮೇಲೆ ಗಂಟೆಗಟ್ಟಲೆ ತೇಲುತ್ತಲೇ ಇರುತ್ತವೆ. ಉಸಿರಿನ ಜೊತೆ ಒಳಗೆ ಹೋದದ್ದನ್ನು ಶ್ವಾಸಕೋಶ ಪೂರ್ತಿ ಹೊರಹಾಕುವುದಿಲ್ಲ. ಅಂದರೆ ಇಷ್ಟು ವರ್ಷ ಸುಮ್ಮನಿದ್ದದ್ದನ್ನು ಎಬ್ಬಿಸುವುದು ಆ 'ಸುಮ್ನೆ ಸ್ವಲ್ಪ ಕೆರೆದು ನೋಡೋಣ' ಅನ್ನುವ ಹತ್ತು ನಿಮಿಷ. ಮನೆಯಲ್ಲಿ ಕಲ್ನಾರು ಇದೆ ಅಂತ ಗೊತ್ತಾದ ಕೂಡಲೇ ಹೆದರಿ ಕಿತ್ತು ಬಿಸಾಕಲು ಹೊರಡುವವರೂ ಇದೇ ತಪ್ಪು ಮಾಡುತ್ತಾರೆ.

'ನಾವು ಕೆರೆದು ಆರು ತಿಂಗಳಾಯ್ತು, ಒಂದು ಕೆಮ್ಮೂ ಬಂದಿಲ್ಲ' ಅಂತ ವಾದಿಸುವವರಿದ್ದಾರೆ. ಬರುವುದಿಲ್ಲ. ಇದರಿಂದ ಬರುವ ಕಾಯಿಲೆಗಳು ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಹಿಡಿಯುತ್ತದೆ. ಹಾಗಂತ ಒಂದು ಸಲ ಕೆರೆದವರೆಲ್ಲ ಗಾಬರಿ ಬೀಳಬೇಕಾಗಿಲ್ಲ. ಅಪಾಯ ಹೆಚ್ಚುವುದು ಎಷ್ಟು ಧೂಳು, ಎಷ್ಟು ಕಾಲ ಉಸಿರಾಡಿದಿರಿ ಅನ್ನುವುದರ ಮೇಲೆ. ಆರೋಗ್ಯದ ಅನುಮಾನ ಇದ್ದರೆ ವೈದ್ಯರನ್ನು ಕೇಳಿ. ನಾನು ಕಟ್ಟಡದವನು.

ಒಂದು ಮನೆಯ ದಂಪತಿ ನೆನಪಾಗುತ್ತಾರೆ. ಬಹಳ ಒಳ್ಳೆಯ ಜನ. ಮಲಗುವ ಕೋಣೆಯ ಅರ್ಧ ಸೀಲಿಂಗ್ ಕೆರೆದು, ಉಳಿದದ್ದಕ್ಕೆ ರೇಟ್ ಕೇಳಲು ಕರೆದಿದ್ದರು. ಯಜಮಾನರ ಹುಬ್ಬೆಲ್ಲ ಬೆಳ್ಳಗೆ. ಫ್ಯಾನಿನ ರೆಕ್ಕೆಗಳ ಮೇಲೆ ಬೆರಳ ಗುರುತು ಮೂಡುವಷ್ಟು ಪುಡಿ ಕೂತಿತ್ತು. ಸೆಕೆ ಅಂತ ಆ ಫ್ಯಾನ್ ತಿರುಗಿಸಿಕೊಂಡೇ ಕೆಲಸ ಮಾಡಿದ್ದರು. ಮನೆಯವರು ನನ್ನ ಕಣ್ಣೆದುರೇ ಪೊರಕೆ ತಂದು 'ಒಂದ್ನಿಮಿಷ ಇರಿ, ಗುಡಿಸಿಬಿಡ್ತೀನಿ' ಅಂದರು. 'ಅಮ್ಮಾ, ಪೊರಕೆ ಕೆಳಗಿಡಿ' ಅಂದ ನನ್ನ ದನಿ ಸ್ವಲ್ಪ ಜಾಸ್ತಿಯೇ ಆಯಿತು. ಕೂತಿರುವ ಧೂಳನ್ನು ಮತ್ತೆ ಮೇಲೆಬ್ಬಿಸಲು ಪೊರಕೆಗಿಂತ ಬೇರೆ ಬೇಡ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು. ಅದು ಮುಂದಿನಿಂದ ಎಳೆದ ಸಣ್ಣ ಎಳೆಗಳನ್ನು ಹಿಂದಿನಿಂದ ಕೋಣೆಗೇ ಬಿಡುತ್ತದೆ. ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ, ಸಂದಿಗೆ ಟೇಪ್ ಅಂಟಿಸಿ, ವರದಿ ಬರುವವರೆಗೆ ಆ ಕೋಣೆ ಬಳಸಬೇಡಿ ಅಂದೆ. ಅವರ ವರದಿಯಲ್ಲಿ ಕಲ್ನಾರು ಇರಲಿಲ್ಲ. ಯಜಮಾನರು ಫೋನ್ ಮಾಡಿ 'ನೋಡಿದ್ರಾ, ಸುಮ್ನೆ ಹೆದರಿಸಿದ್ರಿ' ಅಂದರು. ನಕ್ಕು ಸುಮ್ಮನಾದೆ.

ಚೂರು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಆದರೂ ತರಬೇತಿ ಇರುವವರಿಂದ ತೆಗೆಸುವುದೇ ಲೇಸು. ಕೆಲವು ಕಡೆ ಕಾನೂನೂ ಅದನ್ನೇ ಕೇಳುತ್ತದೆ, ನಿಮ್ಮಲ್ಲಿ ಹೇಗೆ ಅಂತ ವಿಚಾರಿಸಿಕೊಳ್ಳಿ. ಒಣಗಿದ್ದನ್ನು ಎಂದೂ ಕೀಳಬಾರದು. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಮಂಜಿನ ಹಾಗೆ ಸಿಂಪಡಿಸಿ, ನೆನೆದ ಮೇಲೆ ಒಂದು ಚಮಚದಷ್ಟನ್ನು ಬುಡದವರೆಗೂ ತೆಗೆದು ಜಿಪ್ ಚೀಲಕ್ಕೆ ಹಾಕಬೇಕು. ತೆಗೆದ ಜಾಗಕ್ಕೆ ಕೂಡಲೇ ಬಣ್ಣವೋ ಟೇಪೋ ಹಚ್ಚಬೇಕು. ಒಂದೇ ಕಡೆ ತೆಗೆದರೆ ಸಾಲದು. ಕಲಸಿದವರು ಒಂದೊಂದು ಬಕೆಟ್ಟಿಗೆ ಒಂದೊಂದು ಥರ ಕಲಸಿರುತ್ತಾರೆ. ಅಮೆರಿಕದ ಶಾಲಾ ಕಟ್ಟಡಗಳ ನಿಯಮದಲ್ಲಿ, ಒಂದೇ ಬಗೆಯ ಲೇಪ 1,000 ಚದರ ಅಡಿಯವರೆಗೆ ಇದ್ದರೆ ಕನಿಷ್ಠ 3 ಮಾದರಿ ಬೇಕು. ಮನೆಗೂ ಅದೇ ಒಳ್ಳೆಯ ಅಳತೆ.

ಇದೆ ಅಂತ ಬಂದರೆ? ಗಟ್ಟಿಯಾಗಿದ್ದರೆ ಹಾಗೇ ಬಿಡಬಹುದು. ನೋಡೋಕಾಗಲ್ಲ ಅಂದರೆ ಅದರ ಕೆಳಗೆ ಹೊಸ ಜಿಪ್ಸಮ್ ಬೋರ್ಡ್ ಕೂರಿಸಿ ಮುಚ್ಚಬಹುದು. ಸ್ಕ್ರೂ ಹೊಡೆಯುವಾಗಲೂ ಲೇಪ ಒಡೆಯುತ್ತದೆ, ಹಾಗಾಗಿ ಅದನ್ನೂ ವಿಷಯ ತಿಳಿದವರೇ ಮಾಡಬೇಕು. ತೆಗೆಯಲೇಬೇಕೆಂದರೆ ಪರವಾನಗಿ ಇರುವವರನ್ನು ಕರೆಯಿರಿ. ಖರ್ಚು ಜಾಸ್ತಿ, ಸುಳ್ಳು ಹೇಳುವುದಿಲ್ಲ.

ಇಲ್ಲ ಅಂತ ಬಂದರೆ ಒದ್ದೆ ಮಾಡಿ ಕೆರೆಯಿರಿ. ಮೇಲೆ ಬಣ್ಣ ಬಳಿದಿದ್ದರೆ ನೀರು ಒಳಗಿಳಿಯುವುದಿಲ್ಲ. ಹಠ ಹಿಡಿದು ಕೆರೆದರೆ ಲೇಪದ ಹಿಂದಿರುವ ಜಿಪ್ಸಮ್ ಬೋರ್ಡಿನ ಕಾಗದವೇ ಸುಲಿದು ಬರುತ್ತದೆ. ಆ ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೆ ಬೇರೆ ಪರೀಕ್ಷೆ. ಇನ್ನು, ಕೆರೆದ ಮೇಲೆ ಕೆಳಗೆ ಕನ್ನಡಿಯಂಥ ಸೀಲಿಂಗ್ ಸಿಗುತ್ತದೆ ಅಂತ ಯಾರು ಹೇಳಿದರೋ! ಟೆಕ್ಸ್ಚರ್ ಬಳಿದದ್ದೇ ಬಹಳ ಸಲ ಬೋರ್ಡಿನ ಜೋಡಣೆಯ ಗೆರೆ, ಸ್ಕ್ರೂ ಗುರುತು, ಏರುತಗ್ಗು ಮುಚ್ಚಲು. ಪುಟ್ಟಿ ಎಳೆದು, ಉಪ್ಪುಕಾಗದ ಹಾಕಿ, ಮತ್ತೆ ಎಳೆಯಬೇಕು. ಕಿಟಕಿಯಿಂದ ಅಡ್ಡ ಬಿಸಿಲು ಬೀಳುವ ಹೊತ್ತಿನಲ್ಲಿ ಒಂದೊಂದು ಅಲೆಯೂ ಕಾಣುತ್ತದೆ. ಮೇಸ್ತ್ರಿಯ ಕೆಲಸ ನೋಡುವುದಾದರೆ ಆ ಹೊತ್ತಿಗೇ ಹೋಗಿ ನೋಡಿ, ದುಡ್ಡು ಆಮೇಲೆ ಕೊಡಿ.

ಲ್ಯಾಬಿನ ವರದಿಯನ್ನು ಮನೆಯ ಕಾಗದಪತ್ರದ ಜೊತೆ ಇಡಿ. ಯಾವ ಕೋಣೆ, ಯಾವ ಮೂಲೆಯ ಚೂರು ಅಂತ ಅದರ ಮೇಲೇ ಬರೆಯಿರಿ. ಇದೆ ಅಂತ ಬಂದಿದ್ದರೆ, ಮುಂದೆ ಹೊಸ ದೀಪ ಕೂರಿಸಲು ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಅದನ್ನು ಅವನ ಕೈಗೆ ಕೊಡಿ. ಡ್ರಿಲ್ ಹಿಡಿದು ಏಣಿ ಹತ್ತುವವನು ಅವನು, ಪುಡಿ ಬೀಳುವುದು ಅವನ ಮುಖದ ಮೇಲೆ.