ಪದ್ಮ ಪಟ್ಟಿಗೆ ಹೆಸರು ಸೂಚಿಸೋದು ಯಾರು? 70 ವರ್ಷದ ಜಗಳದ ಹಿನ್ನೆಲೆ

ಪ್ರತಿ ವರ್ಷ ಗಣರಾಜ್ಯೋತ್ಸವದ ಹಿಂದಿನ ದಿನ ಪದ್ಮ ಪ್ರಶಸ್ತಿಗಳ ಪಟ್ಟಿ ಹೊರಬೀಳುತ್ತದೆ. ಸ್ವಲ್ಪ ಹೊತ್ತಿಗೇ ಎರಡು ಮಾತು ಶುರು: ಇವರಿಗೆ ಯಾಕೆ ಕೊಟ್ಟರು, ಅವರಿಗೆ ಯಾಕೆ ಕೊಡಲಿಲ್ಲ. ಈ ಜಗಳ ಸೋಷಿಯಲ್ ಮೀಡಿಯಾ ಬಂದ ಮೇಲೆ ಹುಟ್ಟಿದ್ದಲ್ಲ. ಇದು ಒಮ್ಮೆ ಪ್ರಶಸ್ತಿಯನ್ನೇ ನಿಲ್ಲಿಸಿತ್ತು, ಇನ್ನೊಮ್ಮೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು. ಹಳೆಯ ಕಥೆಯನ್ನೆಲ್ಲ ಕೆದಕುತ್ತಾ ಹೋದರೆ ನನಗೆ ಕಾಣುವ ಬೇರು ಒಂದೇ. ಹೆಸರು ಸೂಚಿಸುವ ಹಕ್ಕು ಯಾರ ಕೈಯಲ್ಲಿದೆ ಅನ್ನೋದು.

ಶುರುವಾಗಿದ್ದು 1954ರ ಜನವರಿ 2ರಂದು. ಅವತ್ತು ರಾಷ್ಟ್ರಪತಿಗಳ ಕಚೇರಿಯಿಂದ ಭಾರತ ರತ್ನ ಮತ್ತು ಪದ್ಮವಿಭೂಷಣ ಎಂಬ ಎರಡು ಪ್ರಶಸ್ತಿಗಳ ಪ್ರಕಟಣೆ ಬಂತು. ಪದ್ಮವಿಭೂಷಣದಲ್ಲಿ ಮೊದಲನೇ ವರ್ಗ, ಎರಡನೇ ವರ್ಗ, ಮೂರನೇ ವರ್ಗ ಅಂತ ಮೂರು ದರ್ಜೆ ಇದ್ದವು. ದೊಡ್ಡ ಸಾಧಕರೊಬ್ಬರನ್ನು ಕರೆದು "ನಿಮಗೆ ಮೂರನೇ ವರ್ಗ" ಅನ್ನೋದು ಹೇಗಿರುತ್ತೆ, ಯೋಚಿಸಿ. ವರ್ಷ ತುಂಬುತ್ತಿದ್ದ ಹಾಗೆ, 1955ರ ಜನವರಿಯಲ್ಲಿ, ಹೆಸರು ಬದಲಾಗಿ ಈಗಿರುವ ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಬಂದವು. ಭಾರತ ರತ್ನದ ಪದಕಕ್ಕೂ ಮೊದಲು ಅಂದುಕೊಂಡಿದ್ದು ದುಂಡನೆಯ ಚಿನ್ನದ ಬಿಲ್ಲೆ. ಆಮೇಲೆ ಅದು ಅರಳಿ ಎಲೆಯ ಆಕಾರದ ಕಂಚಿನ ಪದಕವಾಯಿತು, ನಡುವೆ ಪ್ಲಾಟಿನಂನಲ್ಲಿ ಮಾಡಿದ ಸೂರ್ಯ.

ಮೊದಲ ವರ್ಷಗಳ ಹೆಸರುಗಳ ಬಗ್ಗೆ ಯಾರೂ ತಕರಾರು ತೆಗೆಯುವ ಹಾಗಿರಲಿಲ್ಲ. ರಾಜಾಜಿ, ರಾಧಾಕೃಷ್ಣನ್, ಸಿ.ವಿ. ರಾಮನ್ ಅವರಿಗೆ 1954ರಲ್ಲಿ ಭಾರತ ರತ್ನ ಸಿಕ್ಕಿತು. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರಿಗೆ. ಆದರೆ ಅದೇ 1955ರಲ್ಲಿ ಪ್ರಧಾನಿ ಕುರ್ಚಿಯಲ್ಲಿದ್ದಾಗಲೇ ನೆಹರೂ ಅವರಿಗೂ ಬಂತು. ಭಾರತ ರತ್ನಕ್ಕೆ ಹೆಸರು ಶಿಫಾರಸು ಮಾಡೋದು ಪ್ರಧಾನಿಯೇ. ಹಾಗಾಗಿ ಇದು ಪ್ರಧಾನಿಯ ಶಿಫಾರಸಲ್ಲ, ತಾವೇ ಮುಂದಾಗಿ ಕೊಡುತ್ತಿರುವುದು ಅಂತ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಬಿಡಿಸಿ ಹೇಳಬೇಕಾಯಿತು. 1971ರಲ್ಲಿ ಇಂದಿರಾ ಗಾಂಧಿ ಅವರಿಗೂ ಅಧಿಕಾರದಲ್ಲಿದ್ದಾಗಲೇ ಸಿಕ್ಕಿತು. ಇದಕ್ಕೆ ತದ್ವಿರುದ್ಧ ಮೌಲಾನಾ ಆಜಾದ್. ಆಯ್ಕೆ ಮಾಡುವ ಜಾಗದಲ್ಲಿ ಇರುವವರೇ ಪ್ರಶಸ್ತಿ ತಗೊಳ್ಳಬಾರದು ಅಂತ ಅವರು ಬೇಡ ಅಂದಿದ್ದರು. ಅವರಿಗೆ ಅದು ಬಂದಿದ್ದು 1992ರಲ್ಲಿ, ತೀರಿಕೊಂಡು 34 ವರ್ಷ ಆದಮೇಲೆ.

ಪ್ರಶಸ್ತಿಯೇ ಬೇಡ ಅನ್ನುವ ವಾದವೂ ಹಳೆಯದು. ಸ್ವತಂತ್ರ ದೇಶದಲ್ಲಿ ಸರ್ಕಾರ ಹೀಗೆ ಪದಕ ಹಂಚಬಾರದು ಅಂತ ಆಚಾರ್ಯ ಕೃಪಲಾನಿ 1969ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆಯನ್ನೇ ತಂದರು. ಅದು ಪಾಸಾಗಲಿಲ್ಲ. ಮುಂದೆ ತುರ್ತು ಪರಿಸ್ಥಿತಿ ಬಂತು. ಅದನ್ನು ಪ್ರತಿಭಟಿಸಿ ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ವಾಪಸ್ ಕೊಟ್ಟರು. ಆಗ ಹಾಗೆ ಮಾಡೋದಕ್ಕೆ ಎಷ್ಟು ಎದೆಗಾರಿಕೆ ಬೇಕಿತ್ತು ಅಂತ ಆ ಕಾಲ ನೋಡಿದವರಿಗೆ ಗೊತ್ತು.

ತುರ್ತು ಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂತು. 1977ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಭಾರತ ರತ್ನ, ಪದ್ಮ ಎಲ್ಲವನ್ನೂ ನಿಲ್ಲಿಸಿಬಿಟ್ಟಿತು. 1978, 1979 ಎರಡು ವರ್ಷ ಪಟ್ಟಿಯೇ ಇಲ್ಲ. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದ ಕೂಡಲೇ, ಅದೇ ತಿಂಗಳ 25ಕ್ಕೆ, ಪ್ರಶಸ್ತಿಗಳೂ ವಾಪಸ್ ಬಂದವು. ಆ ವರ್ಷದ ಭಾರತ ರತ್ನ ಮದರ್ ತೆರೇಸಾ ಅವರಿಗೆ. ನಿಲ್ಲಿಸಿದ್ದ ಮೊರಾರ್ಜಿ ಅವರಿಗೂ 1991ರಲ್ಲಿ ಭಾರತ ರತ್ನ ಸಂದಿತು. ಇಡೀ ವ್ಯವಸ್ಥೆ ಸರ್ಕಾರ ಬದಲಾದ ಹಾಗೆ ನಿಲ್ಲುತ್ತೆ, ಏಳುತ್ತೆ ಅನ್ನೋದು ಆಗಲೇ ಎಲ್ಲರಿಗೂ ಕಂಡಿತ್ತು.

1992ರಲ್ಲಿ ಇನ್ನೊಂದು ಎಡವಟ್ಟು. ಸುಭಾಷ್ ಚಂದ್ರ ಬೋಸ್ ಅವರಿಗೆ ಮರಣೋತ್ತರ ಭಾರತ ರತ್ನ ಘೋಷಿಸಿದರು. ಅವರ ಸಾವಿನ ಬಗ್ಗೆಯೇ ವಿವಾದ ಇರುವಾಗ ಮರಣೋತ್ತರ ಅನ್ನೋದು ಹೇಗೆ? ಮನೆಯವರೂ ಒಪ್ಪಲಿಲ್ಲ. ಕೇಸ್ ಕೋರ್ಟಿಗೆ ಹೋಗಿ, ಕೊನೆಗೆ ಆ ಪ್ರಕಟಣೆಯೇ ರದ್ದಾಯಿತು.

ಅದೇ ಹೊತ್ತಿಗೆ ಇದಕ್ಕಿಂತ ಬುಡದ ಪ್ರಶ್ನೆಯೊಂದು ಹೈಕೋರ್ಟ್‌ಗಳಲ್ಲಿ ಎದ್ದಿತ್ತು. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡಬಾರದು ಅನ್ನುತ್ತದೆ. ಬ್ರಿಟಿಷರು ತಮಗೆ ಬೇಕಾದವರಿಗೆ ರಾವ್ ಬಹದ್ದೂರ್, ಸರ್ ಅಂತ ಹಂಚುತ್ತಿದ್ದುದನ್ನು ಕಂಡವರು ಬರೆದ ವಿಧಿ ಅದು. ಹಾಗಿದ್ದರೆ ಪದ್ಮ ಏನು? 1993ರಿಂದ 1997ರವರೆಗೆ ಪದ್ಮ ಪ್ರಶಸ್ತಿಗಳು ಮತ್ತೆ ನಿಂತವು. 1995ರ ಡಿಸೆಂಬರ್‌ನಲ್ಲಿ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಇವು ಬಿರುದಲ್ಲ, ಪ್ರಶಸ್ತಿ. ಕೊಡಬಹುದು, ಆದರೆ ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವ ಹಾಗಿಲ್ಲ, ಹಾಕಿಕೊಂಡರೆ ಪ್ರಶಸ್ತಿಯನ್ನೇ ಕಳಕೊಳ್ಳಬೇಕಾಗುತ್ತೆ. ನಮ್ಮ ಆಹ್ವಾನ ಪತ್ರಿಕೆಗಳಲ್ಲಿ, ಫ್ಲೆಕ್ಸ್‌ಗಳಲ್ಲಿ ಇವತ್ತಿಗೂ "ಪದ್ಮಶ್ರೀ ಡಾ." ಅಂತ ಹೆಸರಿಗೆ ಮುಂಚೆ ಹಾಕುತ್ತಾರಲ್ವಾ, ಅದು ತಪ್ಪು. ಅಭಿಮಾನದಿಂದ ಹಾಕಿದರೂ ತಪ್ಪೇ. ಆಯ್ಕೆಗೆ ಸರಿಯಾದ ಮಾನದಂಡ ಇಲ್ಲ, ಸಂಖ್ಯೆಗೆ ಲಗಾಮಿಲ್ಲ ಅಂತಲೂ ನ್ಯಾಯಮೂರ್ತಿಗಳು ಕಳವಳ ಹೇಳಿದ್ದರು. ಈಗ ವರ್ಷಕ್ಕೆ 120ಕ್ಕಿಂತ ಜಾಸ್ತಿ ಪದ್ಮ ಕೊಡುವಂತಿಲ್ಲ. ಮರಣೋತ್ತರ ಮತ್ತು ವಿದೇಶಿಯರ ಲೆಕ್ಕ ಬೇರೆ.

ಕ್ರೀಡೆಯ ಕಥೆ ಸ್ವಲ್ಪ ಬೇರೆ. ಪದ್ಮ ಪಟ್ಟಿಯಲ್ಲಿ ಆಟಗಾರರು ಮೊದಲಿಂದಲೂ ಇದ್ದಾರೆ, ಹಾಕಿ ಮಾಂತ್ರಿಕ ಧ್ಯಾನ್ ಚಂದ್ ಅವರಿಗೆ 1956ರಲ್ಲೇ ಪದ್ಮಭೂಷಣ. ಆದರೆ ಭಾರತ ರತ್ನದ ನಿಯಮದಲ್ಲಿ ಕಲೆ, ಸಾಹಿತ್ಯ, ವಿಜ್ಞಾನ, ಸಾರ್ವಜನಿಕ ಸೇವೆ ಮಾತ್ರ ಇತ್ತು. 2011ರಲ್ಲಿ ನಿಯಮ ಬದಲಿಸಿ ಯಾವುದೇ ಕ್ಷೇತ್ರದವರಿಗೂ ಕೊಡಬಹುದು ಅಂತ ಮಾಡಿದರು. 2014ರಲ್ಲಿ ಸಚಿನ್ ತೆಂಡೂಲ್ಕರ್ ಅದನ್ನು ಪಡೆದ ಮೊದಲ ಕ್ರೀಡಾಪಟುವಾದರು, ಜೊತೆಗೆ ನಮ್ಮ ವಿಜ್ಞಾನಿ ಸಿ.ಎನ್.ಆರ್. ರಾವ್. ಧ್ಯಾನ್ ಚಂದ್‌ಗೆ ಮೊದಲು ಕೊಡಬೇಕಿತ್ತು ಅನ್ನುವವರು ಬಹಳ ಮಂದಿ. ನಾನೂ ಅವರ ಪಕ್ಷವೇ.

ನಿಜವಾದ ಬದಲಾವಣೆ ಬಂದಿದ್ದು 2016ರಲ್ಲಿ, ಅದೂ ಸದ್ದಿಲ್ಲದೆ. ಅಲ್ಲಿಯವರೆಗೆ ಹೆಸರುಗಳು ಹೆಚ್ಚಾಗಿ ಬರುತ್ತಿದ್ದುದು ರಾಜ್ಯ ಸರ್ಕಾರ, ಸಚಿವಾಲಯ, ಸಂಸದರ ಕಡೆಯಿಂದ. ದೆಹಲಿಯಲ್ಲಿ ಪರಿಚಯ ಇದ್ದವರಿಗೆ ದಾರಿ ಸಲೀಸು. 2017ರ ಪ್ರಶಸ್ತಿಗಾಗಿ ಆನ್‌ಲೈನ್ ಅರ್ಜಿ ತೆರೆದರು. ಯಾರು ಬೇಕಾದರೂ ಯಾರ ಹೆಸರನ್ನಾದರೂ ಕಳಿಸಬಹುದು, ತಮ್ಮದೇ ಹೆಸರನ್ನೂ. ಅದರ ನಂತರದ ಪಟ್ಟಿಗಳಲ್ಲಿ ಕರ್ನಾಟಕದ ಹೆಸರುಗಳನ್ನೇ ನೋಡಿ. ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡ, ತೂಗುಸೇತುವೆ ಕಟ್ಟಿದ ಗಿರೀಶ್ ಭಾರದ್ವಾಜ್, ಪಾವಗಡದ ಸೂಲಗಿತ್ತಿ ನರಸಮ್ಮ, ಸಾಲುಮರದ ತಿಮ್ಮಕ್ಕ.

2021ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಮುಂದಕ್ಕೆ ಹೋಗಿದ್ದ ಸಮಾರಂಭ ರಾಷ್ಟ್ರಪತಿ ಭವನದಲ್ಲಿ ನಡೆಯಿತು. ಕಿತ್ತಳೆ ಮಾರಿದ ದುಡ್ಡಲ್ಲಿ ಊರಿಗೆ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಬರಿಗಾಲಲ್ಲಿ ಕೆಂಪು ಹಾಸಿನ ಮೇಲೆ ನಡೆದು ಹೋದರು. ಅಂಕೋಲಾದ ತುಳಸಿ ಗೌಡ ಕೂಡ ಬರಿಗಾಲು, ಕೊರಳ ತುಂಬ ಮಣಿಸರ. ಮಂಜಮ್ಮ ಜೋಗತಿ ಪ್ರಶಸ್ತಿ ತಗೊಳ್ಳುವ ಮೊದಲು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಇಡೀ ಸಭೆ ಚಪ್ಪಾಳೆ ಹೊಡೆಯಿತು.

ಹಾಗಂತ ಎಲ್ಲ ಸರಿಹೋಯಿತಾ? ಇಲ್ಲ. ಹೆಸರು ಕಳಿಸುವ ಬಾಗಿಲು ತೆರೆದಿದೆ, ಆರಿಸುವ ಕೋಣೆ ಮುಚ್ಚೇ ಇದೆ. ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯ ಸಮಿತಿ ಆರಿಸುತ್ತೆ, ಪಟ್ಟಿ ಪ್ರಧಾನಿ ಮತ್ತು ರಾಷ್ಟ್ರಪತಿಗಳ ಬಳಿ ಹೋಗುತ್ತೆ. ಒಬ್ಬರನ್ನು ಯಾಕೆ ಆರಿಸಿದರು, ಇನ್ನೊಬ್ಬರನ್ನು ಯಾಕೆ ಬಿಟ್ಟರು ಅನ್ನೋದನ್ನು ಬಿಡಿಸಿ ಹೇಳುವ ಪದ್ಧತಿ ಇಲ್ಲ. ಚುನಾವಣೆ ಹತ್ತಿರ ಇರುವ ರಾಜ್ಯಗಳ ಹೆಸರು ಬಂದಾಗ ಜನ ಅನುಮಾನ ಪಡೋದು ಇದರಿಂದಲೇ. ಇನ್ನೊಂದು ನೋವು ತಡವಾಗುವುದು. ನರಸಮ್ಮ ಪದ್ಮಶ್ರೀ ಪಡೆದ ವರ್ಷವೇ ತೀರಿಕೊಂಡರು. ಕೊಪ್ಪಳದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವನವರಿಗೆ ಅದು ಬಂದಾಗ 96 ವರ್ಷ. ಎಸ್. ಜಾನಕಿ 2013ರಲ್ಲಿ ಪದ್ಮಭೂಷಣವನ್ನು ತಡವಾಯಿತು ಅಂತಲೇ ನಿರಾಕರಿಸಿದರು. ವಿಜಯಪುರದ ಸಿದ್ದೇಶ್ವರ ಸ್ವಾಮೀಜಿ 2018ರಲ್ಲಿ ಬೇಡ ಅಂದಿದ್ದು ಮಾತ್ರ ಬೇರೆ ಕಾರಣಕ್ಕೆ, ಸನ್ಯಾಸಿಗೆ ಪ್ರಶಸ್ತಿ ಯಾಕೆ ಅಂತ.

ಅರ್ಜಿ ಹಾಕೋದು ಕಷ್ಟವೇನಲ್ಲ. ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಮಾತ್ರ ಹಾಕಬೇಕು. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ರಿಂದ ಜುಲೈ 31ರವರೆಗೆ ಅವಕಾಶ ಇತ್ತು. ಸಾಧನೆ ಏನು ಅಂತ 800 ಪದ ಮೀರದ ಹಾಗೆ ಬರೆಯಬೇಕು. ತೊಗಲುಗೊಂಬೆ ಆಡಿಸುವವರು, ನಾಟಿ ಔಷಧಿ ಕೊಡುವವರು, ಗರಡಿ ನಡೆಸುವವರು ತಾವಾಗಿ ಕೂತು ಈ 800 ಪದ ಬರೆಯುವವರಲ್ಲ. ಪಕ್ಕದಲ್ಲಿರುವ ಒಬ್ಬ ಮೇಷ್ಟ್ರೋ, ಕಾಲೇಜು ಹುಡುಗಿಯೋ ಅವರ ಜೊತೆ ಕೂತು, ಯಾವ ವರ್ಷ ಏನು ಮಾಡಿದರು, ಎಷ್ಟು ಜನಕ್ಕೆ ಕಲಿಸಿದರು ಅಂತ ಕೇಳಿ ಬರೆದುಕೊಂಡು ಟೈಪ್ ಮಾಡಿ ಕಳಿಸಬೇಕು.