ಲೀಟರಿಗೆ 47 ಕಿಲೋಮೀಟರ್ ಕೊಡುವ ಸ್ಪೋರ್ಟ್ಸ್ ಕಾರು: ಬಿಎಂಡಬ್ಲ್ಯು ಐ8 ಹುಟ್ಟಿದ್ದು ಹೇಗೆ?

'ಎಷ್ಟು ಕೊಡುತ್ತೆ?' ಸ್ಪೋರ್ಟ್ಸ್ ಕಾರು ಕೊಳ್ಳುವವರು ಕೇಳುವ ಪ್ರಶ್ನೆ ಇದಲ್ಲ. ಆದರೆ ಬಿಎಂಡಬ್ಲ್ಯು ಐ8 ಕಾರಿನ ಕಥೆ ಶುರುವಾಗುವುದೇ ಈ ಪ್ರಶ್ನೆಯಿಂದ. ಯುರೋಪಿನ ಅಧಿಕೃತ ಪರೀಕ್ಷೆಯಲ್ಲಿ 100 ಕಿ.ಮೀ. ಓಡಲು ಅದಕ್ಕೆ ಬೇಕಾದ ಪೆಟ್ರೋಲ್ 2.1 ಲೀಟರ್. ನಮ್ಮ ಲೆಕ್ಕದಲ್ಲಿ ಲೀಟರಿಗೆ 47 ಕಿ.ಮೀ. ಇಷ್ಟು ಮೈಲೇಜ್ ಕೊಡುವ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 4.4 ಸೆಕೆಂಡ್ ಸಾಕು. ನಂಬೋದು ಕಷ್ಟ ಅಲ್ವಾ? ಪೂರ್ತಿ ನಂಬಬೇಕಾಗಿಯೂ ಇಲ್ಲ. ಅದಕ್ಕೆ ಆಮೇಲೆ ಬರೋಣ.

ಕಾಲ ನೋಡಿ. 2007ರಲ್ಲಿ ಬಿಎಂಡಬ್ಲ್ಯು ಹೊಸ ಬಗೆಯ, ಕರೆಂಟಿನಲ್ಲೂ ಓಡುವ ಕಾರುಗಳಿಗಾಗಿ 'ಪ್ರಾಜೆಕ್ಟ್ ಐ' ಶುರು ಮಾಡಿತು. ಉಲ್ರಿಚ್ ಕ್ರಾಂಜ್ ಅದರ ಮುಖ್ಯಸ್ಥರು. ಮರುವರ್ಷ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. 2009ರಲ್ಲಿ ಐರೋಪ್ಯ ಒಕ್ಕೂಟ ಹೊಸ ನಿಯಮ ತಂದಿತು: 2015ರ ಹೊತ್ತಿಗೆ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿ.ಮೀ.ಗೆ 130 ಗ್ರಾಂಗೆ ಇಳಿಯಬೇಕು, ಇಲ್ಲದಿದ್ದರೆ ದಂಡ. ದೊಡ್ಡ ಎಂಜಿನ್ ಮಾರಿ ಹೆಸರು ಮಾಡಿದ ಕಂಪನಿಗೆ ಇದು ಸಣ್ಣ ಪೆಟ್ಟಲ್ಲ. ಅದೇ ವರ್ಷ ಜುಲೈನಲ್ಲಿ ಬಿಎಂಡಬ್ಲ್ಯು ಫಾರ್ಮುಲಾ ಒನ್ ಬಿಡುವುದಾಗಿ ಹೇಳಿತು. ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಕಾರು ಮೇಳದಲ್ಲಿ ಒಂದು ವಿಚಿತ್ರ ಕಾರನ್ನು ನಿಲ್ಲಿಸಿತು.

ಅದರ ಹೆಸರು 'ವಿಷನ್ ಎಫಿಶಿಯೆಂಟ್ ಡೈನಾಮಿಕ್ಸ್'. ಕತ್ತರಿ ತೆರೆದಂತೆ ಮೇಲೇಳುವ ಬಾಗಿಲು, ಮೈತುಂಬ ಗಾಜು. ಎಂಜಿನ್ ಮಾತ್ರ ಮೂರು ಸಿಲಿಂಡರಿನ ಒಂದೂವರೆ ಲೀಟರ್ ಡೀಸೆಲ್! ಜೊತೆಗೆ ಎರಡು ಎಲೆಕ್ಟ್ರಿಕ್ ಮೋಟರ್. ಎಲ್ಲ ಸೇರಿ 356 ಅಶ್ವಶಕ್ತಿ. ಪ್ರದರ್ಶನಕ್ಕೆ ಮಾಡಿದ ಕಾರು, ಅಲ್ಲಿಗೇ ಮುಗೀತು ಅಂತ ಅಂದುಕೊಂಡವರೇ ಜಾಸ್ತಿ. ಆದರೆ 2011ರಲ್ಲಿ ಅದೇ ಮೇಳಕ್ಕೆ ಅದು 'ಐ8 ಕಾನ್ಸೆಪ್ಟ್' ಎಂಬ ಹೆಸರಿನಲ್ಲಿ ಮರಳಿತು. ಡೀಸೆಲ್ ಹೋಗಿ ಪೆಟ್ರೋಲ್ ಬಂದಿತ್ತು. ಮಾರಾಟದ ಕಾರು 2013ರಲ್ಲಿ ಸಿದ್ಧವಾಯಿತು. 2014ರ ಜೂನ್‌ನಲ್ಲಿ ಗ್ರಾಹಕರ ಕೈ ಸೇರಿತು.

ಒಳಗಿನ ಜೋಡಣೆ ನೋಡಲೇಬೇಕಾದ್ದು. ಎಂಜಿನ್ ಹಿಂದೆ, ಅದು ಎಳೆಯುವುದು ಹಿಂದಿನ ಚಕ್ರಗಳನ್ನು. ಮೋಟರ್ ಮುಂದೆ, ಅದಕ್ಕೆ ಮುಂದಿನ ಚಕ್ರಗಳು. ಎರಡರ ನಡುವೆ ತಿರುಗುವ ಶಾಫ್ಟ್ ಇಲ್ಲ; ಕಂಪ್ಯೂಟರ್ ಮಾತ್ರ ಎರಡನ್ನೂ ಹೊಂದಿಸುತ್ತದೆ. ಶಾಫ್ಟ್ ಇರಬೇಕಾದ ನಡುವಿನ ಸುರಂಗದಲ್ಲಿ ಉದ್ದಕ್ಕೆ ಬ್ಯಾಟರಿ ಮಲಗಿದೆ. ಎಂಜಿನ್ 231 ಅಶ್ವಶಕ್ತಿ, ಮೋಟರ್ 131, ಒಟ್ಟು 362. ಅದೇ ಬಳಗದ ಎಂಜಿನ್ ಮಿನಿ ಕೂಪರ್‌ನಲ್ಲಿ 136 ಅಶ್ವಶಕ್ತಿ ಕೊಡುತ್ತಿತ್ತು. ಅದರಿಂದ ಇಷ್ಟು ಹಿಂಡಿದ್ದಕ್ಕೆ 2015ರಲ್ಲಿ 'ವರ್ಷದ ಅಂತರರಾಷ್ಟ್ರೀಯ ಎಂಜಿನ್' ಪ್ರಶಸ್ತಿಯೂ ಬಂತು.

ಬ್ಯಾಟರಿ ಅಂದರೆ ತೂಕ. ಅದನ್ನು ಬೇರೆಲ್ಲೋ ಕಳೆಯಬೇಕು. ಹಾಗಾಗಿ ಕೂರುವ ಗೂಡನ್ನು ಪೂರ್ತಿ ಕಾರ್ಬನ್ ಫೈಬರ್‌ನಲ್ಲಿ ಕಟ್ಟಿದರು. ಇದಕ್ಕೆ ಎಸ್‌ಜಿಎಲ್ ಎಂಬ ಕಾರ್ಬನ್ ಕಂಪನಿ ಜೊತೆ ಸೇರಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸಸ್ ಲೇಕ್‌ನಲ್ಲಿ ಕಾರ್ಖಾನೆ ಹಾಕಿದರು. ಜರ್ಮನಿ ಬಿಟ್ಟು ಅಷ್ಟು ದೂರ ಯಾಕೆ? ಕಾರ್ಬನ್ ಎಳೆ ಮಾಡಲು ಕುಲುಮೆಗೆ ವಿಪರೀತ ಕರೆಂಟು ಬೇಕು. ಅಲ್ಲಿ ಜಲವಿದ್ಯುತ್ ಅಗ್ಗ. ಕಚ್ಚಾ ನೂಲು ಜಪಾನಿನಿಂದ ಹೊರಟು, ಮೋಸಸ್ ಲೇಕ್‌ನಲ್ಲಿ ಸುಟ್ಟು ಕಪ್ಪಾಗಿ, ಜರ್ಮನಿಯ ವಾಕರ್ಸ್‌ಡಾರ್ಫ್‌ನಲ್ಲಿ ಹಾಸುಗಳಾಗಿ, ಕೊನೆಗೆ ಲೈಪ್‌ಜಿಗ್‌ನಲ್ಲಿ ಕಾರಾಗುತ್ತಿತ್ತು. ಪರಿಸರದ ಹೆಸರಿನ ಕಾರಿಗೆ ಇಷ್ಟು ಸಮುದ್ರಯಾನ! ಆದರೂ ಫಲ ಸಿಕ್ಕಿತು, ತೂಕ 1,485 ಕಿಲೋದಲ್ಲೇ ನಿಂತಿತು. ಗೂಡಿನ ಅಂಚು ಅಗಲವಾಗಿದ್ದರಿಂದ ಒಳಗೆ ಹತ್ತಿ ಕೂರುವುದು ಮಾತ್ರ ಒಂದು ಸರ್ಕಸ್ಸು.

ಈಗ ಆ 47ರ ಲೆಕ್ಕಕ್ಕೆ ಬರೋಣ. ಐ8ನಂತೆ ಎಂಜಿನ್, ಮೋಟರ್ ಎರಡೂ ಇದ್ದು ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್‌ಗಳಿಗೆ ಯುರೋಪಿನಲ್ಲಿ ಆಗ ಒಂದು ಸೂತ್ರವಿತ್ತು. ಮೊದಲು ಕಾರು ಬರೀ ಬ್ಯಾಟರಿಯಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ಅಳೆಯುತ್ತಾರೆ. ಐ8ಗೆ ಅದು 37 ಕಿ.ಮೀ. ಆಮೇಲೆ ಇನ್ನು 25 ಕಿ.ಮೀ. ಎಂಜಿನ್‌ನಲ್ಲಿ ಓಡಿಸಿ ಮಾಲೀಕ ಮತ್ತೆ ಚಾರ್ಜ್‌ಗೆ ಹಾಕುತ್ತಾನೆ ಅಂತ ಊಹೆ. ಅಂದರೆ 62 ಕಿ.ಮೀ.ಯಲ್ಲಿ ಪೆಟ್ರೋಲ್ ಸುಡುವುದು 25ಕ್ಕೆ ಮಾತ್ರ. ಲೆಕ್ಕವನ್ನು ಹಿಂದಕ್ಕೆ ಹಾಕಿದರೆ, ಬ್ಯಾಟರಿ ಖಾಲಿಯಾದ ಮೇಲೆ 100 ಕಿ.ಮೀ.ಗೆ ಸುಮಾರು 5.2 ಲೀಟರ್, ಅಂದರೆ ಲೀಟರಿಗೆ 19 ಕಿ.ಮೀ. ಅಮೆರಿಕದ ಕಠಿಣ ಪರೀಕ್ಷೆಯಲ್ಲಿ ಅದು ಇನ್ನೂ ಇಳಿದು 12ರ ಹತ್ತಿರ ಬಂತು. ಕಾರು ಅದೇ, ಪೆಟ್ರೋಲೂ ಅದೇ.

ಇನ್ನೊಂದು ಅಂಕಿ ನೋಡಿ. ಐ8 ಉಗುಳುವ ಇಂಗಾಲದ ಡೈಆಕ್ಸೈಡ್ ಕಾಗದದ ಮೇಲೆ ಕಿ.ಮೀ.ಗೆ 49 ಗ್ರಾಂ. 50ಕ್ಕಿಂತ ಕಡಿಮೆ ಇದ್ದ ಒಂದೊಂದು ಕಾರನ್ನೂ 2014ರಲ್ಲಿ ಕಂಪನಿಯ ಸರಾಸರಿಯಲ್ಲಿ ಎರಡೂವರೆ ಕಾರು ಅಂತ ಎಣಿಸಲು ನಿಯಮ ಬಿಟ್ಟಿತ್ತು. 49 ಸುಮ್ನೆ ಬಂದ ಅಂಕಿ ಅಂತ ನನಗಂತೂ ಅನಿಸುವುದಿಲ್ಲ. ಮೋಸ ಅಂತಲ್ಲ, ನಿಯಮ ನೋಡಿ ಕಾರು ಕಟ್ಟಿದ್ದು, ಅಷ್ಟೇ. ಒಪ್ಪಲೇಬೇಕಾದ್ದೂ ಒಂದಿದೆ: ದಿನಕ್ಕೆ 20 ಕಿ.ಮೀ. ಓಡಿಸಿ ರಾತ್ರಿ ಚಾರ್ಜ್‌ಗೆ ಹಾಕುವವರಿಗೆ ಪೆಟ್ರೋಲ್ ಬಂಕಿನ ದಾರಿಯೇ ಮರೆತುಹೋಗುತ್ತಿತ್ತು.

ಐ8 ಒಂಟಿಯೇನಲ್ಲ. ಪೋರ್ಷೆ 918 ಸ್ಪೈಡರ್, ಮೆಕ್‌ಲಾರೆನ್ ಪಿ1 ಕೂಡ 2013ರಲ್ಲೇ ಬಂದ ಪ್ಲಗ್ ಕಾರುಗಳು. ಆದರೆ ಪೋರ್ಷೆ ತಯಾರಿಸಿದ್ದು 918 ಕಾರು ಮಾತ್ರ, ಮೆಕ್‌ಲಾರೆನ್ 375. ಅವು ತಿಜೋರಿಯಲ್ಲಿಡುವ ವಸ್ತು. ಐ8 ಮಾತ್ರ ಇಪ್ಪತ್ತು ಸಾವಿರ ದಾಟಿತು. ಭಾರತಕ್ಕೆ 2015ರ ಫೆಬ್ರವರಿಯಲ್ಲಿ ಬಂತು, ಬೆಲೆ 2.29 ಕೋಟಿ. ಮುಂಬೈಯಲ್ಲಿ ಪರದೆ ಸರಿಸಿದವರು ಸಚಿನ್ ತೆಂಡೂಲ್ಕರ್. ಎರಡು ವರ್ಷದ ನಂತರ ಜಿಎಸ್‌ಟಿ ಬಂದು ದೊಡ್ಡ ಹೈಬ್ರಿಡ್‌ಗಳಿಗೆ ಸೆಸ್ ಸೇರಿ 43% ತೆರಿಗೆ ಬಿತ್ತು. 

ದೂರುಗಳೂ ಇದ್ದವು. ಎಂಜಿನ್ ಗರ್ಜನೆಗೆ ಸ್ಪೀಕರ್‌ನಿಂದ ಬಲ ತುಂಬುತ್ತಿದ್ದರು. ಗಾಳಿಗೆ, ರಸ್ತೆಗೆ ತಡೆ ಕಮ್ಮಿಯಾಗಲಿ ಅಂತ ಮುಂದೆ ಹಾಕಿದ್ದು 195 ಮಿ.ಮೀ. ಅಗಲದ ಸಪೂರ ಟೈರು. ನೋಡಲು ಅನ್ಯಗ್ರಹದ ಕಾರು, ವೇಗದಲ್ಲಿ ಪೋರ್ಷೆ 911ರ ಆಸುಪಾಸು. 2018ರಲ್ಲಿ ಬ್ಯಾಟರಿ 7.1ರಿಂದ 11.6 ಕಿಲೋವ್ಯಾಟ್ ಅವರ್‌ಗೆ ಏರಿತು. 2020ರ ಜೂನ್‌ನಲ್ಲಿ ಉತ್ಪಾದನೆ ನಿಂತಿತು. ಅದಕ್ಕೂ ಮೊದಲೇ, 2017ರಲ್ಲಿ, ಮೋಸಸ್ ಲೇಕ್‌ನ ಪಾಲನ್ನು ಎಸ್‌ಜಿಎಲ್‌ಗೆ ಮಾರಲು ಬಿಎಂಡಬ್ಲ್ಯು ಒಪ್ಪಂದ ಮಾಡಿಕೊಂಡಿತ್ತು.

ಮಾಲೀಕ ತಪ್ಪದೆ ಚಾರ್ಜ್‌ಗೆ ಹಾಕುತ್ತಾನೆ ಎಂಬ ಊಹೆಯ ಬಣ್ಣವೂ ಬಯಲಾಯಿತು. ರಸ್ತೆಯಲ್ಲಿ ನಿಜವಾಗಿ ಓಡುವ ಕಾರುಗಳ ದತ್ತಾಂಶ ಇಟ್ಟುಕೊಂಡು 2024ರಲ್ಲಿ ಐರೋಪ್ಯ ಆಯೋಗ ವರದಿ ಕೊಟ್ಟಿತು. ಪ್ಲಗ್‌ ಇನ್ ಹೈಬ್ರಿಡ್‌ಗಳು ಕಾಗದದಲ್ಲಿ ಹೇಳಿದ್ದಕ್ಕಿಂತ ಸರಾಸರಿ ಮೂರೂವರೆ ಪಟ್ಟು ಇಂಗಾಲದ ಡೈಆಕ್ಸೈಡ್ ಉಗುಳುತ್ತಿದ್ದವು. ಜನ ಊಹಿಸಿದಷ್ಟು ಸಲ ಪ್ಲಗ್ ಹಾಕುತ್ತಿರಲಿಲ್ಲ.

ಉಳಿದದ್ದು ಐ8ರ ಜೋಡಣೆ. ಎಂಜಿನ್ ಹಿಂದೆ, ಮುಂದಿನ ಚಕ್ರಕ್ಕೆ ಬರೀ ಕರೆಂಟು ಎಂಬ ಉಪಾಯ 2019ರಲ್ಲಿ ಫೆರಾರಿ ಎಸ್‌ಎಫ್90 ಕಾರಿಗೆ ಬಂತು. 2023ರಲ್ಲಿ ಲ್ಯಾಂಬೊರ್ಗಿನಿ ರೆವುಯೆಲ್ಟೊಗೂ ಬಂತು. ಹನ್ನೆರಡು ಸಿಲಿಂಡರ್, ಸಾವಿರ ದಾಟಿದ ಅಶ್ವಶಕ್ತಿ, ಮೈಲೇಜಿನ ಸುದ್ದಿಯೇ ಇಲ್ಲ. ಬ್ಯಾಟರಿ ಮಾತ್ರ ಅಲ್ಲೇ, ನಡುವಿನ ಸುರಂಗದಲ್ಲಿ.